ಬರ್ಫಕ್ಕೆ ಹೊಚ್ಚಿದ ಕೌದಿ

ಹೋದ ಭಾನುವಾರ ಕಲಬುರಗಿಗೆ ವಿಡಿಯೋ ಕಾಲ್ ಮಾಡಿದಾಗ ಮಗಳು ಫೋನ್ ಕಸಿದುಕೊಂಡಳು. “ಆಯಿ, ಇಲ್ಲಿ ಗುಡ್ಡದ ಮ್ಯಾಲ ಬರ್ಫಕ್ಕ ಕೌದಿ ಹೊಚ್ಯಾರ! ಅದಕ್ಕ ಧಗಿ ಆಗಂಗಿಲ್ಲೇನು?”

ಅವ್ವ ನಗಲಿಲ್ಲ. “ಕರಗಬಾರ್ದಂತ ಹೊಚ್ಚಿರಬೇಕು ತಾಯಿ. ನಮ್ಮ ಕಡಿ ಬರ್ಫದ ಗಡ್ಡಿಗಿ ಕಟಗಿ ಹೊಟ್ಟು ಹಾಕಿ ಗೋಣಿತಟ್ಟು ಸುತ್ತತಿದ್ರಲ್ಲ, ಹಂಗ.”

ಸರಿಯಾಗೇ ಹೇಳಿದಳು. ಇಲ್ಲಿ ಸ್ವಿಟ್ಜರ್‌ಲೆಂಡಿನ ಫುರ್ಕಾ ಘಾಟಿನ ಹತ್ತಿರ ರೋನ್ ಹಿಮನದಿಯ ಅಂಚಿಗೆ ಬೇಸಿಗೆ ಬಂದರೆ ಬಿಳಿ ಬಟ್ಟೆ ಹೊದಿಸುತ್ತಾರೆ, ಒಳಗೆ ಕೊರೆದ ಗುಹೆ ಉಳಿಯಲಿ ಅಂತ. ಹತ್ತಿರ ಹೋದೆವು. ಬಟ್ಟೆ ಅಲ್ಲಲ್ಲಿ ಹರಿದು, ಮಣ್ಣು ಮೆತ್ತಿಕೊಂಡು, ಅಡಿಯಿಂದ ಟಪ್ ಟಪ್ ಅಂತ ನೀರು ತೊಟ್ಟಿಕ್ಕುತ್ತಿತ್ತು.

ಹಿಮನದಿ ಅಂದರೆ ನಮ್ಮ ಜೋಳದ ಹಗೇವು ಇದ್ದಂತೆ. ಚಳಿಗಾಲ ತುಂಬುತ್ತದೆ, ಬೇಸಿಗೆ ತೆಗೆದು ಉಣ್ಣುತ್ತದೆ. ಹಿಮ ಚೆನ್ನಾಗಿ ಬಿದ್ದು, ಬೇಸಿಗೆ ತಣ್ಣಗಿರುವ ವರ್ಷಗಳು ಸಾಲಾಗಿ ಬಂದರೆ ಹಿಮನದಿ ಬೆಳೆದು ಕಣಿವೆಗೆ ಇಳಿಯುತ್ತದೆ. ಬೇಸಿಗೆ ನಡುವೆ ಒಮ್ಮೆ ಹೊಸ ಹಿಮ ಬಿದ್ದರೂ ಲಾಭವೇ. ಮಾಳಿಗೆಗೆ ಸುಣ್ಣ ಹೊಡೆದ ಹಾಗೆ, ಬಿಸಿಲನ್ನು ವಾಪಸ್ ಕಳಿಸುತ್ತದೆ. 2022ರಲ್ಲಿ ಎಲ್ಲ ಉಲ್ಟಾ ಆಯಿತು. ಹಿಮ ಬಿದ್ದದ್ದೇ ಕಡಿಮೆ. ಮಾರ್ಚ್‌ನಲ್ಲಿ ಸಹಾರಾದ ಧೂಳು ಹಾರಿಬಂದು ಕೂತು ಅದೂ ಮಾಸಿತು. ಅದರ ಮೇಲೆ ಕೆಂಡದಂಥ ಬೇಸಿಗೆ. ಆ ಒಂದೇ ವರ್ಷ ಸ್ವಿಟ್ಜರ್‌ಲೆಂಡಿನ ಹಿಮನದಿಗಳ ಬರ್ಫ ಸುಮಾರು ಶೇ 6ರಷ್ಟು ಹೋಯಿತು. ಮರುವರ್ಷ ಇನ್ನೊಂದು ಶೇ 4. ಇಷ್ಟು ಲೆಕ್ಕ ಹೇಗೆ ಗೊತ್ತು ಅಂದರೆ, ಬರ್ಫದಲ್ಲಿ ಕೋಲು ನೆಟ್ಟು ವರ್ಷ ವರ್ಷ ಅಳೆಯುತ್ತಾರೆ. ನಮ್ಮೂರ ಕೆರೆಯಲ್ಲಿ ಹೂಳು ಎಷ್ಟಿದೆ ಅಂತ ಅಳೆದವರನ್ನು ನಾನು ನೋಡಿಲ್ಲ ಬಿಡಿ.

ಪಕ್ಕದ ಮನೆಯ ಅಜ್ಜಿ ಆ ಬೆಟ್ಟಗಳ ಕಡೆಯವರೇ. “ಹಿಮನದಿ ಬೆಳೀಬಾರದು ಅಂತ ನಮ್ಮ ಹಿರಿಯರೇ ಹರಕೆ ಹೊತ್ತಿದ್ದರು” ಅಂದರು. ನಿಜ. ಆಗ ಅಲೆಚ್ ಹಿಮನದಿ ಬೆಳೆಯುತ್ತಿತ್ತು. ಅದು ಅಡ್ಡಗಟ್ಟಿದ್ದ ಕೆರೆ ಒಡೆದು ನೀರು ಊರಿಗೆ ನುಗ್ಗುತ್ತಿತ್ತು. 1678ರಲ್ಲಿ ಫಿಶ್ ಊರಿನವರು ದೇವರ ಮೊರೆ ಹೋದರು. ಮುನ್ನೂರು ವರ್ಷ ಆದ ಮೇಲೆ ಪ್ರಾರ್ಥನೆ ತಿರುಗಿಸಲು ಪೋಪ್ ಒಪ್ಪಿಗೆಯನ್ನೇ ಕೇಳಬೇಕಾಯಿತು. 2010ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಹಿಮನದಿ ಕರಗದಿರಲಿ ಅಂತ ಬೇಡುತ್ತಾರೆ.

ನನಗೆ ಗುರ್ಜಿ ನೆನಪಾಯಿತು. ತಲೆ ಮೇಲೆ ರೊಟ್ಟಿ ಹಂಚು, ಅದರ ಮೇಲೆ ಸಗಣಿಯ ಗುರ್ಜಿ, ಗರಿಕೆ. ಮಳೆ ಬರಲಿ ಅಂತ ಓಣಿ ಓಣಿ ತಿರುಗುತ್ತಿದ್ದೆವು, ಮನೆಮನೆಯವರು ಕೊಡದ ನೀರು ಸುರಿಯುತ್ತಿದ್ದರು. ನಡುಗುತ್ತಾ ನಗುತ್ತಿದ್ದೆವು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹೊಲ, ಮನೆ ಮುಳುಗಿದಾಗ ಮಳೆ ನಿಲ್ಲಲಿ ಅಂತ ಬೇಡೋದಕ್ಕೆ ನಮಗೆ ಯಾವ ಗುರ್ಜಿಯೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫೋನಿನಲ್ಲಿ ಅವ್ವನ ವಿಚಾರಣೆ ಇನ್ನೂ ನಡೆದೇ ಇತ್ತು. “ಅಷ್ಟು ದೊಡ್ಡ ಕೌದಿ ಯಾರು ಹೊಲ್ದಾರ? ಹಳೇ ಸೀರಿದೇನು?”

ಮಗಳು ನನ್ನ ಮುಖ ನೋಡಿದಳು.