ನಕ್ಷೆಗಿಂತ ಮೊದಲು ಒಂದು ಗೇಟು

ನಮ್ಮ ಬಡಾವಣೆಯ ಸಂಘದವರು ಅಂಗಡಿ-ಹೋಟೆಲುಗಳೆಲ್ಲ ಒಂದೆಡೆ ಸೇರಿದ ‘ಟೌನ್ ಸೆಂಟರ್’ ಬೇಕೆಂದು ನಕ್ಷೆ ಬರೆಸಿದ್ದಾರೆ. ಮೊದಲ ಹಾಳೆಯಲ್ಲೇ ಅರ್ಧ ಜಾಗ ಕಾರು ಪಾರ್ಕಿಂಗಿಗೆ! ದುಡ್ಡು ಸುರಿಯುವ ಮುನ್ನ ಒಂದು ಸಂಜೆ ಬೆಂಗಳೂರಿನ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಓಡಾಡಿ ಬನ್ನಿ ಎಂದೆ. 1898ರ ಪ್ಲೇಗಿನ ನಂತರ ಕಿಕ್ಕಿರಿದ ಪೇಟೆಯ ಜನರಿಗಾಗಿ ಬೆಳೆದ ಬಡಾವಣೆ ಅದು. ಅಂದಿಗೆ ಅದೂ ಊರಾಚೆಯ ಜಾಗವೇ. ಅಲ್ಲಿ ಕಾಲ್ನಡಿಗೆಯಲ್ಲೇ ಎಲ್ಲ ಕೆಲಸ ಮುಗಿಯುವುದರ ಗುಟ್ಟೇನೂ ದೊಡ್ಡದಲ್ಲ. ಅಲ್ಲಿನ ಮುಖ್ಯ ಬೀದಿಯಾದ ಸಂಪಿಗೆ ರಸ್ತೆಗೆ ಸ್ವಲ್ಪ ಸ್ವಲ್ಪ ದೂರಕ್ಕೇ ಅಡ್ಡರಸ್ತೆಗಳು ಬಂದು ಸೇರುತ್ತವೆ, ಆದ್ದರಿಂದ ನಡೆಯುವವರು ಸುತ್ತಿ ಬಳಸಬೇಕಾಗಿಲ್ಲ. ಅಂಗಡಿಗಳ ಬಾಗಿಲು ನೇರ ರಸ್ತೆಗೇ ತೆರೆದಿರುತ್ತದೆ. ಹೂವು, ತರಕಾರಿ, ಬಟ್ಟೆ, ಕಾಫಿ, ದೇವರ ದರ್ಶನ ಎಲ್ಲವೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. (ಅಲ್ಲಿಯೂ ಪಾದಚಾರಿ ಮಾರ್ಗದ ಮೇಲೆ ಸ್ಕೂಟರ್ ನಿಲ್ಲಿಸುವ ಮಹಾನುಭಾವರಿದ್ದಾರೆ, ಅದು ಬೇರೆ ಮಾತು.)

ನಮ್ಮಲ್ಲೋ, ಗೋಡೆಯಾಚೆಗೆ ಕಾಣುವ ಹಾಲಿನ ಅಂಗಡಿಗೂ ಮುಖ್ಯದ್ವಾರದಿಂದಲೇ ಬಳಸಿ ಹೋಗಬೇಕು. ಹಾಗಾಗಿ ಅರ್ಧ ಲೀಟರ್ ಹಾಲಿಗೂ ಕಾರು ಹೊರಡುತ್ತದೆ. ಹಿಂಬದಿಯ ಗೋಡೆಯಲ್ಲಿ ಜನ ಹಾಯುವಷ್ಟು ಅಗಲದ ಗೇಟು ಇಟ್ಟರೆ ಅರ್ಧ ಟೌನ್ ಸೆಂಟರ್ ಆದಂತೆಯೇ. ‘ಭದ್ರತೆಯ ಗತಿಯೇನು?’ ಎಂದು ಕಾರ್ಯದರ್ಶಿಗಳು ಕೇಳಿಯೇ ಕೇಳುತ್ತಾರೆ. ಭಾನುವಾರದ ಸಭೆಗೆ ಇನ್ನೊಬ್ಬ ಕಾವಲುಗಾರನ ಸಂಬಳದ ಲೆಕ್ಕವನ್ನೂ ಬರೆದುಕೊಂಡೇ ಹೋಗುತ್ತಿದ್ದೇನೆ.