ಕೊಳಕ್ಕಿಳಿಯುವ ಮೊದಲು ಮೀಯಬೇಕಂತೆ!

ಮುಂಬೈಯ ನಮ್ಮ ಉಪನಗರದಲ್ಲಿದ್ದ ಸಾರ್ವಜನಿಕ ಈಜುಕೊಳವನ್ನು ಕೆಡವಿ ಹೊಸದಾಗಿ ಕಟ್ಟಿದ್ದಾರೆ. ಕೆಲಸ ಎಷ್ಟು ಎಳೆಯಿತೆಂದರೆ, ಸುತ್ತ ಕಟ್ಟಿದ ತಗಡಿನ ಮೇಲೆ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು. ಅಂತೂ ಬಾಗಿಲು ತೆರೆಯಿತು. ಹೆಂಗಸರ ಬ್ಯಾಚಿಗೆ ಅತ್ತಿಗೆಯನ್ನೂ ಎಬ್ಬಿಸಿಕೊಂಡು ಹೋದೆ.

ಅತ್ತಿಗೆ ಕಾರ್ಕಳದ ಕಡೆಯವರು. ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ತೋಟದ ಕೆರೆಯಲ್ಲಿ ಈಜು ಕಲಿತವರು. ಡಾಕ್ಟರ ಸರ್ಟಿಫಿಕೇಟು ಬೇಕು, ತಲೆಗೆ ಟೋಪಿ ಬೇಕು ಎಂದಾಗಲೇ ಮುಖ ಊದಿಸಿಕೊಂಡಿದ್ದರು. ಒಳಗೆ ಹೋದರೆ, ಮೊದಲು ಷವರಿನಡಿ ನಿಂತು ಬನ್ನಿ ಎಂದು ಲೈಫ್‌ಗಾರ್ಡ್ ಹುಡುಗಿ ಮರಾಠಿಯಲ್ಲಿ ಹೇಳಿದಳು.

“ನಾನು ಮನೆಯಲ್ಲಿ ಮಿಂದೇ ಬಂದದ್ದು ಮಾರಾಯ್ತಿ!” ಎಂದು ಅತ್ತಿಗೆ ನನ್ನ ಮೇಲೆ ರೇಗಿದರು.

“ಅತ್ತಿಗೆ, ಹಳೇ ಕೊಳದ ವಾಸನೆ ನೆನಪುಂಟಾ?” ಎಂದೆ. ಆ ಘಾಟು ರಿಕ್ಷಾ ಸ್ಟ್ಯಾಂಡಿನವರೆಗೆ ಬರುತ್ತಿತ್ತು. ಕ್ಲೋರಿನ್ ಜಾಸ್ತಿ ಸುರಿದಿದ್ದಾರೆ ಅಂತ ಎಲ್ಲರೂ ಬೈಯುತ್ತಿದ್ದೆವು. ಅದು ಬರೀ ಕ್ಲೋರಿನ್ ವಾಸನೆಯಲ್ಲ. ನಮ್ಮ ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಮೂಗಿಗೆ ಹೊಡೆಯುವುದೂ ಕಣ್ಣು ಉರಿಸುವುದೂ ಅದೇ. ಮಿಂದು ಇಳಿದರೆ ಅಷ್ಟು ಕಡಿಮೆ. ಅತ್ತಿಗೆ ಇದನ್ನು ಕೇಳಿ “ಛೀ” ಎಂದು ಸೀದಾ ಷವರಿಗೆ ಹೋದರು.

ಹೊಸ ಕೊಳದಲ್ಲಿ ನೀರು ನೆಲದ ಮಟ್ಟಕ್ಕೇ ನಿಲ್ಲುತ್ತದೆ. ಅಂಚು ದಾಟಿ, ಬಿಳಿ ಜಾಲರಿಯೊಳಗೆ ಸುಮ್ನೆ ಇಳಿಯುತ್ತಾ ಇರುತ್ತದೆ. ಮೇಲೆ ತೇಲುವ ಕೂದಲು, ಎಣ್ಣೆ ಮೊದಲು ಅಲ್ಲಿಗೇ ಹೋಗುವುದು. ಅಲ್ಲಿಂದ ತೊಟ್ಟಿಗೆ, ಫಿಲ್ಟರಿಗೆ, ತಿರುಗಿ ಕೊಳಕ್ಕೆ. ಇನ್ನೊಬ್ಬಳು ಪುಟ್ಟ ಕೊಳವೆಯಲ್ಲಿ ನೀರು ಹಿಡಿದು, ಕೆಂಪು ಹನಿ ಬಿಟ್ಟು, ಬೆಳಕಿಗೆ ಎತ್ತಿ ಬಣ್ಣ ನೋಡುತ್ತಿದ್ದಳು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರೊಳಗೆ ಇರಬೇಕು. ಹಳೇ ಕೊಳದಲ್ಲಿ ಯಾರಾದರೂ ಹೀಗೆ ನೋಡಿದ್ದನ್ನು ನಾನಂತೂ ಕಂಡಿಲ್ಲ. ಖರ್ಚು ಮಾಡಿದ್ದು ಸಾರ್ಥಕವಾಯಿತು ಅನ್ನಿಸಿದ್ದು ಇಲ್ಲೇ.

ಅತ್ತಿಗೆ ಅಂಗಾತ ಮಲಗಿ, ಹೊಟ್ಟೆ ಮೇಲೆ ಕೈ ಇಟ್ಟು ತೇಲುತ್ತಿದ್ದರು. ಕೋಚಿಂಗ್‌ಗೆ ಬಂದ ಹುಡುಗಿಯರು ಕೈ ಬಡಿಯುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

ಬಟ್ಟೆ ಬದಲಿಸುವ ಕೋಣೆ ಮಾತ್ರ ಕೇಳಬೇಡಿ. ಹೊರಗೆ ಗೋಡೆ ತುಂಬ ಹೊಳೆಯುವ ಗ್ರಾನೈಟ್, ಒಳಗೆ ಒದ್ದೆ ಬಟ್ಟೆ ನೇತುಹಾಕಲು ಒಂದು ಕೊಕ್ಕೆಯೂ ಇಲ್ಲ. ಟವೆಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅತ್ತಿಗೆ ಗೊಣಗಿದರು: “ಎರಡು ಕಲ್ಲು ಕಮ್ಮಿ ಹಾಕಿ ನಾಲ್ಕು ಮೊಳೆ ಹೊಡೆಯಬಹುದಿತ್ತಲ್ವಾ?”