ಅಳಿಸುವ ಮೊದಲು ಪ್ರಾಣಿಯನ್ನು ಕೇಳಿ

ಕಾಲರ್ ಹಾಕಿದ ಕಾಡುಪ್ರಾಣಿಗಳಿಂದ ಬರುವ ಜಿಪಿಎಸ್ ಡೇಟಾವನ್ನು ಶುಚಿಮಾಡಿ ಜೀವಶಾಸ್ತ್ರಜ್ಞರ ಕೈಗೆ ಕೊಡುವುದು ನನ್ನ ಕೆಲಸ. ಇರುವುದು ಅಮೆರಿಕದ ಮೊಂಟಾನಾದಲ್ಲಿ, ರಾಕಿ ಪರ್ವತಗಳ ಬುಡದಲ್ಲಿ. ಎಲ್ಕ್ ಎಂಬ ದೊಡ್ಡ ಜಿಂಕೆ, ಮ್ಯೂಲ್ ಜಿಂಕೆ, ಕರಡಿ, ಪೂಮಾ ಎಲ್ಲವೂ ಇದ್ದ ಜಾಗ ತೋರಿಸುವ ಚುಕ್ಕೆಗಳು ನಮ್ಮ ಮೇಜಿಗೆ ಬರುತ್ತವೆ. ಆದರೆ ಈ ಕೆಲಸ ಹೇಗೆ ಮಾಡಬೇಕೆಂದು ನನಗೆ ಕಲಿಸಿದ್ದು ವೊಲ್ವರಿನ್ ಎಂಬ ಹಿಮನಾಡಿನ ಮಾಂಸಾಹಾರಿ ಪ್ರಾಣಿ. ಸ್ಟ್ಯಾಟಿಸ್ಟಿಕ್ಸ್ ಓದಿ ವನ್ಯಜೀವಿ ಕ್ಷೇತ್ರಕ್ಕೆ ಬರಬೇಕೆಂದಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೋಡಲು ಪುಟ್ಟ ಕರಡಿಯ ಹಾಗಿದ್ದರೂ ಇದು ಕರಡಿಯ ಬಳಗದ್ದಲ್ಲ. ನಮ್ಮ ತುಂಗಭದ್ರೆ, ಕಾವೇರಿಗಳ ನೀರುನಾಯಿ, ಪಶ್ಚಿಮಘಟ್ಟದ ನೀಲಗಿರಿ ಮಾರ್ಟನ್, ತರಕರಡಿ ಎನ್ನುವ ಹನಿ ಬ್ಯಾಜರ್ ಇವೆಲ್ಲ ಸೇರುವ ಮಸ್ಟೆಲಿಡೆ ಕುಟುಂಬದ್ದು. ಆ ಕುಟುಂಬದ ನೆಲವಾಸಿಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ದೊಡ್ಡದೆಂದರೂ ಗಂಡು 12ರಿಂದ 18 ಕಿಲೋ, ಹೆಣ್ಣು 8ರಿಂದ 12 ಕಿಲೋ. ನಮ್ಮ ಬೀದಿನಾಯಿಯಷ್ಟು ತೂಕ. ಕರಡಿಯನ್ನು ಓಡಿಸಿತು, ತೋಳದ ಬಾಯಿಂದ ಮಾಂಸ ಕಿತ್ತಿತು ಎಂಬ ಕಥೆಗಳು ಇದರ ಬಗ್ಗೆ ಬೇಕಾದಷ್ಟಿವೆ. ಎದೆಗಾರಿಕೆ ಇರುವುದು ನಿಜ. ಆದರೆ ತೋಳಗಳ ಕೈಗೆ ಸಿಕ್ಕಿ ಸಾಯುವ ವೊಲ್ವರಿನ್‌ಗಳೂ ಇವೆ. ಡೇಟಾ ನೋಡುವವಳಾಗಿ ನನ್ನನ್ನು ಬೆರಗುಗೊಳಿಸುವುದು ಬೇರೆಯೇ ಸಂಗತಿ: ಉಳಿದ ಪ್ರಾಣಿಗಳು ಹೇಗೋ ಕಳೆದರೆ ಸಾಕೆನ್ನುವ ಚಳಿಗಾಲದ ಮೇಲೆಯೇ ಇದು ತನ್ನ ಸಂಸಾರ ಕಟ್ಟುತ್ತದೆ.

ಕಾಲರ್‌ನಿಂದ ಬರುವ ಚುಕ್ಕೆಗಳೆಲ್ಲ ನಂಬತಕ್ಕವಲ್ಲ. ಆಳವಾದ ಕಣಿವೆಯಲ್ಲಿ ಉಪಗ್ರಹಗಳು ಸರಿಯಾಗಿ ಕಾಣದಿದ್ದರೆ ಪ್ರಾಣಿ ಒಂದು ಕಡೆ, ಚುಕ್ಕೆ ಇನ್ನೊಂದು ಕಡೆ. ಹಾಗಾಗಿ ಫಿಲ್ಟರ್ ಹಾಕುತ್ತೇವೆ. ಇಷ್ಟು ಹೊತ್ತಿನಲ್ಲಿ ಇಷ್ಟಕ್ಕಿಂತ ಹೆಚ್ಚು ದೂರ ಹೋಗಿದ್ದರೆ ತೆಗೆ, ಈ ಕಾಲದಲ್ಲಿ ಈ ಎತ್ತರಕ್ಕಿಂತ ಮೇಲಿದ್ದರೆ ಗುರುತು ಹಾಕು, ಹೀಗೆ. ಇಂಥ ಮಿತಿಗಳು ಬಹಳ ಮಟ್ಟಿಗೆ ಜಿಂಕೆ, ಎಲ್ಕ್‌ಗಳ ಅನುಭವದಿಂದ ಬಂದವು, ಏಕೆಂದರೆ ಹೆಚ್ಚು ಕಾಲರ್ ಬಿದ್ದಿರುವುದು ಅವುಗಳ ಕತ್ತಿಗೆ. ಹಿಮ ಬಿದ್ದ ಮೇಲೆ ಜಿಂಕೆ ತಗ್ಗಿಗೆ ಇಳಿಯುತ್ತದೆ, ಹೊಟ್ಟೆಯವರೆಗೆ ಹೂತುಹೋಗುವ ಹಿಮದಲ್ಲಿ ಓಡಾಟ ಕಡಿಮೆ ಮಾಡುತ್ತದೆ. ಅದೇ ಲೆಕ್ಕವನ್ನು ವೊಲ್ವರಿನ್‌ಗೆ ಹಚ್ಚಿದರೆ ಕೆಂಪು ಗುರುತುಗಳ ಸಂತೆಯೇ ನೆರೆಯುತ್ತದೆ.

ನಮ್ಮ ತಂಡಕ್ಕೆ ಮೈಸೂರಿನ ಕಡೆಯ ಹುಡುಗನೊಬ್ಬ ಸೇರಿದ್ದ. ಕೋಡ್ ಬರೆಯುವುದರಲ್ಲಿ ಚುರುಕು. ಒಂದು ದಿನ ಪರದೆ ತೋರಿಸಿ, "ಅಕ್ಕಾ, ಇದು ಜನವರಿ. ಮರಗಳೇ ಇಲ್ಲದ ಎತ್ತರದಲ್ಲಿದೆ, ಸ್ಪೀಡೂ ಹೆಚ್ಚು ತೋರಿಸ್ತಿದೆ. ಈ ಸಾಲುಗಳನ್ನ ತೆಗೆದುಬಿಡ್ಲಾ?" ಎಂದ. ಯಾರಿಗಾದರೂ ಬರುವ ಪ್ರಶ್ನೆಯೇ ಅದು. ಉತ್ತರವಾಗಿ ನಾನು ಅವನಿಗೆ ಎಂ3 ಎಂಬ ಗಂಡಿನ ವಿಷಯ ಹೇಳಿದೆ.

ಇಲ್ಲಿಯ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಜೆಫ್ ಕೋಪ್‌ಲ್ಯಾಂಡ್ ಅವರ ಮುಂದಾಳತ್ವದಲ್ಲಿ 2003ರಿಂದ ಕೆಲವು ವರ್ಷ ವೊಲ್ವರಿನ್ ಅಧ್ಯಯನ ನಡೆಯಿತು. ದಪ್ಪ ಮರದ ದಿಮ್ಮಿಗಳಿಂದ ಬೋನು ಮಾಡಿ ಪ್ರಾಣಿಗಳನ್ನು ಹಿಡಿದು ಕಾಲರ್ ಹಾಕುತ್ತಿದ್ದರು. ಲೋಹದ ಬೋನಾದರೆ ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ. ಮರದ್ದಾದರೆ ಕೊರೆದು ಹೊರಬರುವ ಮೊದಲು ಜನ ಅಲ್ಲಿಗೆ ತಲುಪಬೇಕು. ಕತ್ತು ತಲೆಯಷ್ಟೇ ದಪ್ಪ ಇರುವುದರಿಂದ ಕಾಲರ್ ಜಾರುವುದೂ ಉಂಟು. ಅಲ್ಲಿ ಸಿಕ್ಕ ಎಂ3, ಉದ್ಯಾನದ ಅತಿ ಎತ್ತರದ ಶಿಖರವಾದ 3,190 ಮೀಟರಿನ ಮೌಂಟ್ ಕ್ಲೀವ್‌ಲ್ಯಾಂಡನ್ನು ಚಳಿಗಾಲದ ನಟ್ಟನಡುವೆ ಹತ್ತಿತು. ಕೊನೆಯ ಸುಮಾರು 1,500 ಮೀಟರ್ ಏರನ್ನು ಅದು ಮುಗಿಸಿದ್ದು 90 ನಿಮಿಷದಲ್ಲಿ. ಹಗ್ಗ, ಹಿಮಗೊಡಲಿ ಹಿಡಿದ ಪಳಗಿದ ಪರ್ವತಾರೋಹಿಗಳಿಗೂ ಊಹಿಸಲಾಗದ ವೇಗ ಅದು. ಜಿಂಕೆಯ ಮಿತಿ ಹಾಕಿದ ಫಿಲ್ಟರ್ ಆ ಸಾಲುಗಳನ್ನು ಒಂದು ಕ್ಷಣದಲ್ಲಿ ನುಂಗಿಹಾಕುತ್ತಿತ್ತು.

ಅದು ಹೇಗೆ ಸಾಧ್ಯ ಎಂದರೆ ಪಾದ ನೋಡಬೇಕು. ದೇಹಕ್ಕೆ ಹೋಲಿಸಿದರೆ ಪಾದ ತುಂಬ ಅಗಲ, ಊರಿದಾಗ ಇನ್ನೂ ಹರಡಿಕೊಳ್ಳುತ್ತದೆ. ಜಿಂಕೆ ಹೂತುಹೋಗುವ ಹಿಮದ ಮೇಲೆ ಇದು ತೇಲಿದಂತೆ ಸಾಗುತ್ತದೆ. ಗಟ್ಟಿಯಾದ ಉಗುರುಗಳು ಮಂಜುಗಡ್ಡೆಗೆ ಕಚ್ಚಿಕೊಳ್ಳುತ್ತವೆ. ತುಪ್ಪಳಕ್ಕೆ ಅಂಟಿದ ಹಿಮದ ಹರಳು ಸುಲಭವಾಗಿ ಉದುರಿಹೋಗುತ್ತದೆ. ಉತ್ತರಧ್ರುವದ ಸುತ್ತಿನ ಜನ ತಮ್ಮ ಕೋಟಿನ ತಲೆಮುಸುಕಿನ ಅಂಚಿಗೆ ಇದರ ತುಪ್ಪಳವನ್ನೇ ಆರಿಸಿಕೊಳ್ಳುತ್ತಿದ್ದುದು ಅದಕ್ಕೇ. ಚಳಿಗಾಲದಲ್ಲಿ ಕರಡಿ ಮಲಗಿದರೆ ಇದು ಮಲಗುವುದಿಲ್ಲ, ಅಲೆಯುತ್ತಲೇ ಇರುತ್ತದೆ. ಗಂಡೊಂದರ ಓಡಾಟದ ಕ್ಷೇತ್ರ ನೂರಾರು ಚದರ ಕಿಲೋಮೀಟರ್. ಸಾವಿರ ದಾಟುವುದೂ ಇದೆ. ಸತ್ತ ಪ್ರಾಣಿಯ ಮಾಂಸವನ್ನೇ ಹೆಚ್ಚಾಗಿ ನೆಚ್ಚಿಕೊಂಡ ಜೀವಕ್ಕೆ, ಇಂಥ ಬರಡು ಎತ್ತರದಲ್ಲಿ, ಅಷ್ಟು ಸುತ್ತದೆ ಹೊಟ್ಟೆ ತುಂಬುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಅಲ್ಲೇ ತಿಂದು ಮುಗಿಸುತ್ತದೆಂದು ತಿಳಿಯಬೇಡಿ. ಹಿಮದೊಳಗೆ, ಬಂಡೆಗಳ ಸಂದಿಯಲ್ಲಿ ಮಾಂಸ ಬಚ್ಚಿಡುತ್ತದೆ. ಅಲ್ಲಿಯ ತಣ್ಣಗಿನ ಗಾಳಿ ಅದನ್ನು ಕೆಡದಂತೆ ಕಾಪಾಡುತ್ತದೆ, ಕೀಟಗಳನ್ನು, ಬೇರೆ ಪಾಲುಗಾರರನ್ನು ದೂರ ಇಡುತ್ತದೆ. ವೊಲ್ವರಿನ್ ಚಳಿಯ ನಾಡಿಗೇ ಕಟ್ಟುಬಿದ್ದಿರುವುದು ಈ ಉಗ್ರಾಣದ ಕಾರಣಕ್ಕೂ ಇರಬೇಕೆಂದು ರಾಬರ್ಟ್ ಇನ್‌ಮನ್ ಮತ್ತು ಸಂಗಡಿಗರು 2012ರಲ್ಲಿ ವಾದಿಸಿದರು. ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸವನ್ನೂ ಮೂಳೆಯನ್ನೂ ಪುಡಿಮಾಡುವ ದವಡೆ ಅದಕ್ಕಿದೆ. ನಮ್ಮ ಪರದೆಯ ಮೇಲೆ ಇದು ಕಾಣುವುದು ಒಂದೇ ಜಾಗದಲ್ಲಿ ಗುಂಪುಗೂಡಿದ ಚುಕ್ಕೆಗಳಾಗಿ. ಕಾಲರ್ ಕಳಚಿ ಬಿದ್ದಿದೆ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ಪ್ರಾಣಿ ತನ್ನ ಉಗ್ರಾಣದ ಬಳಿ ಇದ್ದೀತು.

ಇನ್ನು ನಾನು ಅತಿ ಹೆಚ್ಚು ಗೌರವ ಕೊಡುವ ಡೇಟಾ ಎಂದರೆ ಬಾರದೇ ಇದ್ದ ಡೇಟಾ. ಫೆಬ್ರವರಿ, ಮಾರ್ಚ್‌ನಲ್ಲಿ ಹೆಣ್ಣೊಂದರ ಕಾಲರ್ ಹೊತ್ತುಹೊತ್ತಿಗೆ ಮೌನವಾಗುತ್ತದೆ. ಫಿಕ್ಸ್, ಅಂದರೆ ಉಪಗ್ರಹದ ಮೂಲಕ ಸಿಗುವ ಜಾಗದ ಗುರುತು, ಇಲ್ಲ. ಸಾಲುಗಳು ಖಾಲಿ. ಅಭ್ಯಾಸಬಲದಿಂದ ಮುಂದಿನ ಹಿಂದಿನ ಚುಕ್ಕೆ ಸೇರಿಸಿ ನಡುವಿನ ಜಾಗ ತುಂಬಿಸಬಹುದು, ಆ ಸೌಲಭ್ಯ ಒಂದು ಸಾಲಿನ ಕೋಡ್‌ನಲ್ಲಿದೆ. ಹಾಗೆ ತುಂಬಿಸಿದರೆ ಇಡೀ ವರ್ಷದ ಮುಖ್ಯ ಸಂಗತಿಯೊಂದನ್ನು ಮುಚ್ಚಿಹಾಕಿದಂತೆ.

ಆ ಹೊತ್ತಿನಲ್ಲಿ ಹೆಣ್ಣು ಹಿಮದ ಅಡಿಯಲ್ಲಿರುತ್ತದೆ. ಕೂಡುವುದು ಬೇಸಿಗೆಯಲ್ಲಾದರೂ ಭ್ರೂಣ ತಿಂಗಳುಗಟ್ಟಲೆ ಬೆಳೆಯದೆ ಕಾಯುತ್ತದೆ. ಚಳಿಗಾಲದಲ್ಲಷ್ಟೇ ಗರ್ಭಕೋಶಕ್ಕೆ ನಾಟಿಕೊಂಡು, ಆಮೇಲೆ 30ರಿಂದ 50 ದಿನದಲ್ಲಿ ಮರಿ ಹುಟ್ಟುತ್ತದೆ. ಸಾಮಾನ್ಯವಾಗಿ ಎರಡು ಮೂರು ಮರಿ, ಬೆಳ್ಳನೆಯ ಮೈ. ತಾಯಿ ಆಳವಾದ ಹಿಮದಲ್ಲಿ, ಬಿದ್ದ ಮರ, ಬಂಡೆಗಳ ನಡುವೆ ಸುರಂಗ ತೋಡಿ ಅವನ್ನು ಬಚ್ಚಿಟ್ಟು ಹಾಲೂಡಿಸುತ್ತದೆ. ಹಿಮವೇ ಚಳಿಗೂ ಶತ್ರುಗಳಿಗೂ ತಡೆ. ಅಷ್ಟು ಹಿಮದಡಿಯಿಂದ ಉಪಗ್ರಹಕ್ಕೆ ಕಾಲರ್ ಸಿಗುವುದಿಲ್ಲ. ತಪ್ಪಿಹೋದ ಫಿಕ್ಸ್‌ಗಳನ್ನು ಗಂಟೆ, ದಿನಾಂಕದ ಪ್ರಕಾರ ಜೋಡಿಸಿ ನೋಡಿ: ಹೆಣ್ಣು ಹೊರಗೆ ಬಂದು ಬೇಟೆಗೆ ಹೋದದ್ದು, ಮತ್ತೆ ಅದೇ ಇಳಿಜಾರಿಗೆ ಮರಳಿದ್ದು ಆ ಖಾಲಿ ಜಾಗಗಳ ಅಂಚಿನಲ್ಲೇ ಕಾಣುತ್ತದೆ. ನಮ್ಮ ಕ್ಷೇತ್ರ ಸಿಬ್ಬಂದಿಗೆ ಇದಕ್ಕಿಂತ ಬೆಲೆಬಾಳುವ ಸುಳಿವಿಲ್ಲ. ಮರಿಗಳಿರುವ ಇಳಿಜಾರಿನ ಹತ್ತಿರ ಜನ ಸುಳಿಯದಂತೆ ನೋಡಿಕೊಳ್ಳಬೇಕಾದರೆ ಜಾಗ ಮೊದಲು ಗೊತ್ತಾಗಬೇಕಲ್ಲ. ಸ್ಕೀ, ಸ್ನೋಮೊಬೈಲ್‌ಗಳ ಓಡಾಟ ಹೆಚ್ಚಿರುವ ಜಾಗಗಳಿಂದ ಇವು, ಅದರಲ್ಲೂ ಹೆಣ್ಣುಗಳು, ದೂರ ಸರಿಯುತ್ತವೆ ಎಂದು ಇಲ್ಲಿಯ ಅಧ್ಯಯನಗಳು ತೋರಿಸಿವೆ.

ಒಂಟಿ ಪ್ರಾಣಿ ಎಂದು ಓದಿಕೊಂಡು ಬಂದವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ದೊಡ್ಡ ಗಂಡಿನ ಚುಕ್ಕೆ, ಮರಿಯ ಚುಕ್ಕೆ ಒಂದೇ ಸಮಯಕ್ಕೆ ಒಂದೇ ಕಡೆ. ಫೈಲ್ ಎರಡು ಸಲ ಸೇರಿದೆಯೇ ಎಂದು ಪರೀಕ್ಷಿಸುವುದು ಸರಿಯೇ. ಆದರೆ ಗ್ಲೇಸಿಯರ್‌ನ ಅಧ್ಯಯನದಲ್ಲಿ ಅಪ್ಪ ತನ್ನ ಮರಿಯೊಡನೆ ಓಡಾಡಿದ್ದು ದಾಖಲಾಗಿದೆ.

ಕ್ಯಾಮೆರಾ ಚಿತ್ರಗಳ ಕೆಲಸವೂ ಸ್ವಲ್ಪ ನಮ್ಮಲ್ಲಿದೆ. ಆಮಿಷವನ್ನು ಎತ್ತರದಲ್ಲಿ ತೂಗುಹಾಕಿದರೆ ಪ್ರಾಣಿ ಮೇಲಕ್ಕೆ ಚಾಚಿಕೊಂಡು ಎದೆ ತೋರಿಸುತ್ತದೆ, ಅಲ್ಲಿಯ ತಿಳಿಬಣ್ಣದ ಮಚ್ಚೆ ಒಂದೊಂದಕ್ಕೂ ಬೇರೆ. ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸುವ ದಾರಿಯನ್ನು ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತೋರಿಸಿದ್ದನ್ನು ಇಲ್ಲಿಯವರ ಮುಂದೆ ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯದಾಗಿ ಗಡಿಯ ವಿಷಯ. ಅಧ್ಯಯನ ಕ್ಷೇತ್ರದ ಹೊರಗೆ ಬಿದ್ದ ಚುಕ್ಕೆಗಳನ್ನು ಕತ್ತರಿಸುವ ಪದ್ಧತಿ ಹಲವು ಕಡೆ ಇದೆ, ನಕ್ಷೆ ಅಚ್ಚುಕಟ್ಟಾಗಿ ಕಾಣಲಿ ಎಂದು. ವೊಲ್ವರಿನ್ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ವಯೋಮಿಂಗ್‌ನಲ್ಲಿ ಕಾಲರ್ ಹಾಕಿದ್ದ ಎಂ56 ಎಂಬ ಎಳೆಯ ಗಂಡು 2009ರಲ್ಲಿ ದಕ್ಷಿಣಕ್ಕೆ ಹೊರಟಿತು. ನೆಲೆಯೂರುವ ಜಾಗ ಹುಡುಕುತ್ತ ಹಿಮವಿಲ್ಲದ ಬಯಲು, ಹೆದ್ದಾರಿಗಳನ್ನು ದಾಟಿ ಕೊಲೊರಾಡೊ ಸೇರಿತು. ಆ ರಾಜ್ಯದಲ್ಲಿ ವೊಲ್ವರಿನ್ ಇರುವುದು ಖಚಿತವಾದದ್ದು 1919ರ ನಂತರ ಅದೇ ಮೊದಲು. ಆಮೇಲೆ 2016ರಲ್ಲಿ ದೂರದ ನಾರ್ತ್ ಡಕೋಟಾದಲ್ಲಿ, ದನಗಳನ್ನು ಕಾಯುತ್ತಿದ್ದವನ ಗುಂಡಿಗೆ ಅದು ಬಲಿಯಾಯಿತು. ಅಷ್ಟು ದೂರ ಹೋಗಿಯೂ ಅದಕ್ಕೊಂದು ಹೆಣ್ಣು ಸಿಕ್ಕ ಕುರುಹಿಲ್ಲ ಎನ್ನುವುದು ಈಗಲೂ ನನ್ನನ್ನು ಕಾಡುತ್ತದೆ. ಆದರೆ ಒಂದು ಬೆಟ್ಟಸಾಲಿನಿಂದ ಇನ್ನೊಂದಕ್ಕೆ ಈ ಪ್ರಾಣಿ ದಾಟಬಲ್ಲದು, ನಡುವಿನ ಬಯಲೂ ಅದಕ್ಕೆ ಬೇಕು ಎಂಬುದಕ್ಕೆ ಆ ಗಡಿಯಾಚೆಯ ಚುಕ್ಕೆಗಳೇ ಸಾಕ್ಷಿ.

ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಉಳಿದಿರುವುದು ಸುಮಾರು 300 ಎಂಬ ಅಂದಾಜಿದೆ. ವಸಂತದಲ್ಲೂ ಉಳಿಯುವ ಹಿಮ ಕಡಿಮೆಯಾಗುತ್ತಿರುವುದನ್ನು ಮುಖ್ಯ ಕಾರಣವಾಗಿಟ್ಟು 2023ರ ನವೆಂಬರ್‌ನಲ್ಲಿ ಇವನ್ನು ಅಪಾಯದಲ್ಲಿರುವ ಜೀವಿಗಳ ಕಾನೂನಿನ ಪಟ್ಟಿಗೆ ಸೇರಿಸಿದರು. ಇಷ್ಟು ಕಡಿಮೆ ಸಂಖ್ಯೆಯ ಪ್ರಾಣಿಯಲ್ಲಿ ಒಂದೊಂದು ಸಾಲಿಗೂ ತೂಕವಿದೆ. ಹಾಗಾಗಿ ನಮ್ಮಲ್ಲಿ ಈಗ ಮೂಲ ಫೈಲನ್ನು ಯಾರೂ ಮುಟ್ಟುವಂತಿಲ್ಲ. ಅನುಮಾನ ಬಂದ ಸಾಲಿಗೆ ಗುರುತು ಮಾತ್ರ ಬೀಳುತ್ತದೆ, ಪಕ್ಕದಲ್ಲಿ ಕಾರಣ ಬರೆಯಬೇಕು. ತೆಗೆಯುವ ತೀರ್ಮಾನ ಆ ಪ್ರಾಣಿಯನ್ನು ಹಿಡಿದು ಬಲ್ಲ ಕ್ಷೇತ್ರದವರ ಜೊತೆ ಕೂತು ಆಗಬೇಕು. ಆ ಕಾರಣದ ಕಾಲಮ್ಮನ್ನು ಸೇರಿಸೋಣ ಎಂದು ಮೊದಲು ಸೂಚಿಸಿದ್ದು ಆ ಮೈಸೂರಿನ ಹುಡುಗನೇ. ಈಗ ಎಲ್ಕ್, ಜಿಂಕೆಗಳ ಫೈಲುಗಳಲ್ಲೂ ಅದು ಇದೆ.